ಈಜಿ ಬಂದ ನಾಯಿ

"ಕೊನೆಗೆ ಆ ನಾಯಿ ಬದುಕಿ ಬಂತಲ್ಲ, ನನಗೆ ಹಿಡಿಸಿದ್ದೇ ಅದು" ಎಂದಳು ವರ್ನಾ.

ಮೇಜಿನ ಸುತ್ತ ಕುಂಬಳಕಾಯಿ ಸೂಪಿನ ಚಮಚಗಳು ಬಾಯಿ ಸೇರುವ ಮೊದಲೇ ನಿಂತವು. ಪುಸ್ತಕ ಓದಿದ್ದ ಎಲ್ಲರಿಗೂ ಗೊತ್ತು: ಇನ್ನೂರ ಹನ್ನೊಂದನೆಯ ಪುಟದಲ್ಲಿ ನಾಯಿ ಹಡಗಿನ ಜೊತೆ ಮುಳುಗುತ್ತದೆ. ಸುಮ್ಮನೆ ಮುಳುಗುವುದಲ್ಲ, ಒಂದೂವರೆ ಪುಟ ಮುಳುಗುತ್ತದೆ. ಆದರೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಟೀ ಪಾಟು ಆರದಿರಲೆಂದು ಹೊದಿಸುವ ಉಣ್ಣೆಯ ಟೋಪಿ ಈಗ ವರ್ನಾಳ ತಲೆಯ ಮೇಲಿತ್ತು. ಹ್ಯೂಅನ್ ನದಿ ದಂಡೆಯ ಆ ಪುಟ್ಟ ಊರಿನ ಗ್ರಂಥಾಲಯದ ಓದುಗರ ಕೂಟದಲ್ಲಿ ಹತ್ತೊಂಬತ್ತು ವರ್ಷಗಳಿಂದ ಅದೇ ಕಾನೂನು: ಟೋಪಿ ಯಾರ ತಲೆಯಲ್ಲೋ ಮಾತು ಅವರದು, ಉಳಿದವರ ಬಾಯಿಗೆ ಸ್ಕೋನು ಎಂಬ ಬನ್ನು.

"ದಡಕ್ಕೆ ಬಂದು ಮೈ ಕೊಡವಿದಾಗ ನನ್ನ ಕೈಮೇಲೂ ಎರಡು ಹನಿ ಬಿದ್ದ ಹಾಗಾಯ್ತು. ಬರೆದ್ರೆ ಹಾಗೆ ಬರೀಬೇಕು" ಎಂದು ವರ್ನಾ ಟೋಪಿ ತೆಗೆದಳು.

ವರ್ನಾಳ ಕಣ್ಣಿಗೆ ಅಕ್ಷರ ಕಾಣದೆ ಎರಡು ವರ್ಷ. ದಿನಾ ಸಂಜೆ ಒಲೆಯ ಪಕ್ಕ ಕೂತು ಗಂಡ ಲಿಂಡ್ಸೆ ಓದಿ ಹೇಳುತ್ತಾನೆ. ಅವನು ಬರೀ ಓದುವ ಗಿರಾಕಿಯಲ್ಲ. ಕಪ್ತಾನನಿಗೆ ಊರಿನ ಮಾಂಸದಂಗಡಿಯವನ ಗಂಟಲು, ಕಪ್ತಾನನ ಅತ್ತೆಗೆ ಪಾದ್ರಿಯ ಹೆಂಡತಿಯ ಮೂಗು, ನಾಯಿಗೆ ತನ್ನದೇ ಸ್ವಂತ ಬೊಗಳು. ಆ ಮಹಾ ಕಲಾವಿದ ಈಗ ಸೂಪಿನ ಬಟ್ಟಲಿಗೇ ಇಳಿದು ಅವಿತುಕೊಳ್ಳುವವನ ಹಾಗೆ ತಲೆ ತಗ್ಗಿಸಿದ್ದ. ಮೆಲ್ಲಗೆ ಕಣ್ಣೆತ್ತಿ ಒಬ್ಬೊಬ್ಬರನ್ನೇ ನೋಡಿದ. ಆ ನೋಟ ಕೇಳುತ್ತಿದ್ದದ್ದು ಒಂದೇ: ಅವಳಿಗೆ ಹೇಳಬೇಡಿ.

"ಅಲ್ಲ ವರ್ನಾ, ಆ ನಾಯಿ..." ಎಂದು ಸೇಬಿನ ತೋಟದ ಕೆಲ್ಸೊ ಬಾಯಿ ತೆರೆದ.

"ಟೋಪಿ ನಿನ್ನ ತಲೇಲಿದೆಯಾ ಕೆಲ್ಸೊ?" ಎಂದಳು ರೊವೀನಾ.

"ಇಲ್ಲ."

"ಹಾಗಾದ್ರೆ ಸ್ಕೋನು ತಿನ್ನು."

ಟೋಪಿ ರೊವೀನಾಳ ತಲೆಗೇರಿತು. ಲಿಂಡ್ಸೆಗೆ ನಿಜವಾದ ಭಯ ಹುಟ್ಟಿದ್ದು ಆಗ. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಓದದೆ ಅಭಿಪ್ರಾಯ ಹೇಳಿದವರಿಗೆ ಪುಟದ ನಂಬರು ಕೇಳಿ ಮಾನ ಕಳೆಯುವವಳು. ಎಲ್ಲರ ಅಭಿಪ್ರಾಯ ಬರೆದಿಡುವ ಪುಸ್ತಕ ಅವಳ ಕೈಯಲ್ಲಿ, ಯಾವ ಕಾಲಕ್ಕೆ ಯಾವ ಕಾದಂಬರಿ ಎಂಬ ಪಟ್ಟಿಯೂ ಅವಳದೇ. ದಕ್ಷಿಣಾರ್ಧ ಗೋಳದ ಆ ಊರಿಗೆ ಬೇಸಿಗೆಯಾದ ಜನವರಿಯ ಬಿಸಿಲಿನಲ್ಲಿ, ಕಡಲ ದಂಡೆಯ ಮೇಲೆ ಓದುವ ಪುಸ್ತಕದೊಳಗೆ ಯಾರು ಯಾರನ್ನು ಕೊಂದರೂ ಅವಳ ಅಡ್ಡಿಯಿಲ್ಲ. ಜುಲೈನ ಚಳಿಯಲ್ಲಿ ಮಾತ್ರ ಓದಿದವರು ಅಳಲೇಬೇಕು. ಅಳಿಸದ ಪುಸ್ತಕಕ್ಕೆ ಅವಳ ಚಳಿಗಾಲದಲ್ಲಿ ಜಾಗವಿಲ್ಲ.

"ನನಗೆ ಹಿಡಿಸ್ಲಿಲ್ಲ" ಎಂದಳು ರೊವೀನಾ. ಲಿಂಡ್ಸೆಯ ಚಮಚ ಬಟ್ಟಲಿಗೆ ತಾಗಿ ಟಿಣ್ ಎಂದಿತು. ಅವಳು ಅವನನ್ನೇ ನೋಡಿದಳು. ಒಂದು ಉಸಿರು ಎಳೆದುಕೊಂಡು ಮುಂದುವರಿಸಿದಳು: "ನಾಯಿ ಬದುಕಿತು, ಸರಿ. ಆದ್ರೆ ಒದ್ದೆ ನಾಯೀನ ಸೀದಾ ಮನೆಯೊಳಗೆ ಬಿಟ್ಕೊಳ್ಳೋದಾ? ಒಂದು ಟವಲ್ಲು ಗತಿ ಇರ್ಲಿಲ್ವಾ ಆ ಮನೇಲಿ?"

"ಒರೆಸಿದ್ರಲ್ಲೇ, ನೀಲಿ ಟವಲ್ಲಲ್ಲಿ" ಎಂದಳು ವರ್ನಾ. "ನಿನ್ನ ಪುಸ್ತಕದಲ್ಲಿ ಇರ್ಲಿಲ್ವಾ?"

"ನಾನು ಆ ಸಾಲು ಹಾರಿಸಿಬಿಟ್ಟೆ ಅನ್ಸುತ್ತೆ" ಎಂದಳು, ಹುಟ್ಟಿದಂದಿನಿಂದ ಒಂದು ಅಲ್ಪವಿರಾಮವನ್ನೂ ಹಾರಿಸದ ರೊವೀನಾ.

ಟೋಪಿ ಕೆಲ್ಸೊಗೆ ಹೋಯಿತು. ದಡ್ಡನಾದರೂ ಒಳ್ಳೆಯ ಮನುಷ್ಯ. ಅಷ್ಟರಲ್ಲಿ ಅವನಿಗೂ ವಿಷಯ ಹೊಳೆದಿತ್ತು. "ನನಗೇನೋ ಆ ಈಜೋದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು. ಅಂಥಾ ಅಲೇಲಿ ಎರಡು ಮೈಲಿ..."

"ಮೂರು" ಎಂದುಬಿಟ್ಟ ಲಿಂಡ್ಸೆ, ತಡೆಯಲಾರದೆ. ತಾನೇ ಈಜಿಸಿದ ನಾಯಿ. ಒಂದು ಮೈಲಿ ಕಡಿಮೆಯಾದರೂ ಹೊಟ್ಟೆ ಉರಿಯುವುದಿಲ್ಲವೇ?

ಆಮೇಲೆ ಅರ್ಧ ಗಂಟೆ, ಯಾವ ಪುಸ್ತಕದಲ್ಲೂ ಇಲ್ಲದ ಆ ಈಜಿನ ಮೇಲೆ ಜಗಳ ನಡೆಯಿತು. ಗಾಳಿ ಎತ್ತ ಬೀಸುತ್ತಿತ್ತು, ಹಲಗೆಯ ಆಸರೆ ಸಿಕ್ಕಿತ್ತೋ ಇಲ್ಲವೋ, ಮನೆಗೆ ಬಂದ ನಾಯಿಗೆ ಮೊದಲು ಏನು ತಿನ್ನಲು ಕೊಟ್ಟರು. ಯಾರ ಕಣ್ಣಲ್ಲೂ ನೀರಿಲ್ಲದ್ದು ಕಂಡು ರೊವೀನಾ ತನ್ನ ಪುಸ್ತಕ ತೆರೆದಳು, ಚಳಿಗಾಲದ ಪಟ್ಟಿಯಲ್ಲಿದ್ದ ಆ ಕಾದಂಬರಿಯ ಹೆಸರಿನ ಮೇಲೆ ಗೀಟೆಳೆದು ಬರೆದಳು: "ನಾಯಿ ಕ್ಷೇಮ. ವಸಂತಕ್ಕೆ ಓದಬಹುದು."

ಕಾರು ಬೆಚ್ಚಗೆ ಮಾಡಿ ಬರುತ್ತೇನೆಂದು ಲಿಂಡ್ಸೆ ಮುಂದೆ ಹೋದ. ಅವನ ನಡಿಗೆ ಹಗುರವಾಗಿತ್ತು. ರೊವೀನಾ ಗೆಳತಿಗೆ ಕೋಟು ತೊಡಿಸುತ್ತ, "ಪುಣ್ಯ ಮಾಡಿದ್ದೀಯ ಕಣೇ, ಅಂಥಾ ಗಂಡ ಸಿಕ್ಕಿದ್ದಾನೆ" ಎಂದಳು.

"ಹೂಂ" ಎಂದಳು ವರ್ನಾ. "ಮಾರ್ಚಲ್ಲಿ ನಮ್ಮ ಪಿಕಲ್ ಹೋಯ್ತಲ್ಲ, ಹದಿನಾಲ್ಕು ವರ್ಷದ ನಾಯಿ. ಹಿತ್ತಲಲ್ಲಿ ಹೂತು ಒಳಗೆ ಬಂದ, ಕೈ ತೊಳ್ಕೊಂಡ, ಆಲೂಗಡ್ಡೆ ಹೆಚ್ಚೋಕೆ ಕೂತ. ಅವತ್ತಿಂದ ಒಂದು ಮಾತು ಆಡಿಲ್ಲ ಅದರ ಬಗ್ಗೆ. ಮೊನ್ನೆ ಆ ಪುಟಕ್ಕೆ ಬಂದಾಗ ಕಪ್ತಾನನ ಧ್ವನಿ ನಿಂತುಹೋಯ್ತು, ಅತ್ತೇದೂ ನಿಂತುಹೋಯ್ತು. ಗಡಿಯಾರದ ಸದ್ದೊಂದೇ. ಎಷ್ಟೋ ಹೊತ್ತಾದ ಮೇಲೆ ನಾಯಿ ಈಜೋಕೆ ಶುರು ಮಾಡ್ತು. ಈಜ್ಲಿ ಬಿಡು ಅಂತ ನಾನೂ ಸುಮ್ನಿದ್ದೆ."

ರೊವೀನಾಳ ಬೆರಳು ಗುಂಡಿಯ ಮೇಲೆ ನಿಂತಿತು. "ಅಂದ್ರೆ ನಿನಗೆ..."

ಹೊರಗೆ ಕಾರಿನ ಹಾರನ್ನು ಮೆಲ್ಲಗೆ ಒಮ್ಮೆ ಕೂಗಿತು. ವರ್ನಾ ಗೆಳತಿಯ ಕೈ ಹುಡುಕಿ ಹಿಡಿದುಕೊಂಡು ಪಿಸುಗುಟ್ಟಿದಳು:

"ನೋಡೇ, ಆ ನಾಯಿ ಸತ್ತಿದೆ ಅಂತ ಅವನಿಗೆ ಮಾತ್ರ ಯಾರೂ ಹೇಳ್ಬೇಡಿ."