ಸುಲ್ತಾನನ ಸಂಸಾರ

ಉಮ್ ಮುಹನ್ನದ್ ಚಹಾ ಲೋಟವನ್ನು ಇನ್ನೂ ತುಟಿಗೆ ತಾಗಿಸಿರಲಿಲ್ಲ, ಹಜ್ಜಿಯಾ ಬದ್ರಿಯಾ ಅವಳನ್ನು ಎಬ್ಬಿಸಿಕೊಂಡು ಹೋಗಿ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದಳು. ಮಗಳು ರಫಲ್‌ಳನ್ನು ಹಜ್ಜಿಯಾಳ ಮಗನಿಗೆ ಎರಡನೆಯ ಹೆಂಡತಿಯಾಗಿ ಕೊಡುವ ಮುಂಚೆ ಮನೆಯನ್ನು ಕಣ್ಣಾರೆ ನೋಡಬೇಕೆಂದು ಬಂದಿದ್ದ ತಾಯಿ ಅವಳು. ಸುಣ್ಣ ಬಳಿದು ಸಿದ್ಧವಾಗಿದ್ದ ಮೇಲಿನ ಕೋಣೆ, ಫ್ರಿಜ್ಜು, ಜನರೇಟರ್, ಮದುಮಗ ಎಲ್ಲವನ್ನೂ ತೋರಿಸಿಯಾಗಿತ್ತು. ಉಳಿದದ್ದು ಮೀನು.

"ನೋಡಿ ಬೀಗಿತ್ತಿ, ಆ ದೊಡ್ಡ ಕರೀದಿದೆಯಲ್ಲ, ಅವನೇ ಸುಲ್ತಾನ. ಮಿಕ್ಕ ಮೂರೂ ಅವನ ಹೆಂಡ್ತೀರು. ಒಂದು ದಿನ ಜಗಳ ಕಂಡಿದ್ರೆ ಕೇಳಿ."

ಶುಕ್ರವಾರದ ಸಂತೆಯಲ್ಲಿ ಈ ಮೋಲಿ ಮೀನುಗಳನ್ನು ಕೊಟ್ಟವನು ಒಂದು ಮಾತು ಹೇಳಿದ್ದ: ಒಂದು ಗಂಡಿಗೆ ಮೂರು ಹೆಣ್ಣು ಬಿಡಬೇಕು, ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಅಟ್ಟಾಡಿಸಿ ಸುಸ್ತುಮಾಡಿ ಕೊಂದುಬಿಡುತ್ತದೆ. ಹಜ್ಜಿಯಾಗೆ ಅದು ಫತ್ವಾದಂತೆ ಕೇಳಿಸಿತ್ತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದಳು. ನೀರೊಳಗಿನ ಪ್ರಾಣಿಗೇ ಇಷ್ಟು ಅನುಕೂಲವಿರುವಾಗ ತನ್ನ ಮಗ ಹಿಕ್ಮತ್ ಯಾವ ಪಾಪ ಮಾಡಿದ್ದಾನೆ?

ಚೊಚ್ಚಲ ಮಗನ ಹೆಸರು ಹಿಡಿದೇ ತಂದೆತಾಯಿಯನ್ನು ಕರೆಯುವ ಬಾಗ್ದಾದಿನಲ್ಲಿ ಮಕ್ಕಳಾಗದವರಿಗೂ ಒಂದು ಹೆಸರು ಬೇಕಲ್ಲ. ಹಾಗಾಗಿ ಟೈರ್ ಅಂಗಡಿಯ ಹಿಕ್ಮತ್ ಎಲ್ಲರ ಬಾಯಲ್ಲೂ ಅಬೂ ಗಾಯಿಬ್, ಇನ್ನೂ ಕಾಣದವನ ಅಪ್ಪ. ಅದರಲ್ಲಿ ಅವಮಾನವೇನಿಲ್ಲ; ಮಗ ಎಲ್ಲೋ ದಾರಿಯಲ್ಲಿದ್ದಾನೆ, ಬರುವುದು ತಡವಾಗಿದೆ, ಅಷ್ಟೇ. ತಡ ಯಾರಿಂದ ಎಂಬ ಮಾತು ಬಂದಾಗ ಮಾತ್ರ ಎಲ್ಲರ ಕಣ್ಣೂ ಅಡಿಗೆಮನೆಯ ಕಡೆ ತಿರುಗುತ್ತಿತ್ತು.

ಅಡಿಗೆಮನೆಯಲ್ಲಿ ಅವನ ಹೆಂಡತಿ ವಿದಾದ್ ಖರ್ಜೂರ ತುಂಬಿದ ಕ್ಲೇಚಾ ಬಿಸ್ಕತ್ತುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಬರಲಿರುವ ಸವತಿಯ ತಾಯಿಗೆ ತಾನೇ ಬೇಯಿಸಿದ ಬಿಸ್ಕತ್ತು. ಒಂದೂ ಸೀದಿರಲಿಲ್ಲ ಎಂಬುದೇ ಅವಳಿಗೆ ಬೇಸರ ತಂದಿತ್ತು. ನಿನ್ನಲ್ಲಿ ದೋಷವಿಲ್ಲ, ಗಂಡನನ್ನು ಒಮ್ಮೆ ಕಳಿಸು ಎಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ಪರೀಕ್ಷೆ ಮಾಡಿಸಿಕೊಳ್ಳುವ ಪದ್ಧತಿ ನಮ್ಮ ಕುಲದಲ್ಲಿಲ್ಲ ಎಂದು ಹಿಕ್ಮತ್ ಊಟ ಮುಂದುವರಿಸಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಸುಮ್ಮನಿರುವುದೂ ಒಂದು ರೂಢಿ. ಒಂದು ವಿಷಯದಲ್ಲಿ ಕಲಿತರೆ ಎಲ್ಲದರಲ್ಲೂ ಬರುತ್ತದೆ. ತೊಟ್ಟಿ ತೊಳೆಯುವವಳು ಅವಳೇ ಆದ್ದರಿಂದ ಮೀನುಗಳ ಹೊಟ್ಟೆಯಡಿಯ ರೆಕ್ಕೆಯನ್ನು ನೋಡಿದ್ದಳು. ಮೂರಕ್ಕೆ ಅದು ಬೀಸಣಿಗೆಯಂತೆ ಅಗಲ, ಒಂದಕ್ಕೆ ಮಾತ್ರ ಕಡ್ಡಿಯಂತೆ ಚೂಪು. ಆ ಚೂಪು ರೆಕ್ಕೆಯಿದ್ದದ್ದು ಎಲ್ಲಕ್ಕಿಂತ ಸಣ್ಣ ಮೀನಿಗೆ, ಅತ್ತೆ ಕಿರೀಸೊಸೆ ಎಂದು ಕರೆಯುತ್ತಿದ್ದುದಕ್ಕೆ. ಗಂಡು ಯಾವುದೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ಆ ಕಿರೀಸೊಸೆ ಈಗಲೂ ಸುಲ್ತಾನನ ಹಿಂದೆಯೇ ಸುತ್ತುತ್ತಿತ್ತು. ಗಂಡನ ಬೆನ್ನು ಬಿಡದ ಅದರ ಭಕ್ತಿಯನ್ನು ಹಜ್ಜಿಯಾ ಕೊಂಡಾಡಿದಳು, ರಫಲ್ ಕೂಡ ಹೀಗೇ ಇರಲೆಂದು ಹಾರೈಸಿದಳು. ಉಮ್ ಮುಹನ್ನದ್ ಕನ್ನಡಕ ಏರಿಸಿ ಬಗ್ಗಿದಳು.

"ಸುಲ್ತಾನನ ಹೊಟ್ಟೆ ಯಾಕೆ ಹಿಂಗಿದೆ?"

"ತಿಂದುಂಡು ಸುಖವಾಗಿರೋ ಗಂಡಸಿಗೆ ಹೊಟ್ಟೆ ಬರದೆ ಇನ್ನೇನು ಬರುತ್ತೆ ಚಿಕ್ಕಮ್ಮ," ಎಂದ ಹಿಕ್ಮತ್ ಸೋಫಾದಿಂದ, ತನ್ನ ಹೊಟ್ಟೆಯನ್ನು ಸವರಿಕೊಳ್ಳುತ್ತ.

ಸುಲ್ತಾನ ಒಮ್ಮೆ ನಡುಗಿ ಗಿಡದ ಮರೆಗೆ ಸರಿಯಿತು. ಬಾಲದ ಬುಡದಿಂದ ಕರಿಯದೊಂದು ಚೂರು ಉದುರಿತು. ಅತಿಥಿಯ ಮುಂದೆ ಇದೇನು ಕೊಳಕು ಎಂದು ಹಜ್ಜಿಯಾ ಮುಖ ಸಿಂಡರಿಸಿದಳು. ಆ ಚೂರಿಗೆ ಕಣ್ಣಿತ್ತು. ಮುದುಡಿದ್ದದ್ದು ಬಿಚ್ಚಿಕೊಂಡು ಈಜತೊಡಗಿತು. ಹಿಂದೆಯೇ ಇನ್ನೊಂದು, ಮತ್ತೊಂದು.

ಹಜ್ಜಿಯಾ ಸಾವರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಡಿಗೆಮನೆಯ ಕಡೆ ಕತ್ತು ಚಾಚಿ ಕರೆದಳು: "ವಿದಾದ್, ಬಾ ಇಲ್ಲಿ, ನೋಡು. ಅಲ್ಲಾಹ್ ಮನಸ್ಸು ಮಾಡಿದ್ರೆ ಗಂಡೂ ಹೆರುತ್ತೆ. ಈ ಮನೇಲಿ ಹೆರದೆ ಉಳಿದವಳು ನೀನೊಬ್ಬಳೇ."

ವಿದಾದ್ ಒಂದು ಬಟ್ಟಲು, ಚಹಾ ಸೋಸುವ ಜರಡಿ ಹಿಡಿದು ಬಂದಳು. ದೊಡ್ಡ ಮೀನುಗಳು ಆಗಲೇ ಮರಿಗಳ ಮೇಲೆ ಬಾಯಿ ಹಾಕುತ್ತಿದ್ದವು. ಅವಳು ಅಂಗಿಯ ತೋಳು ಮಡಚಿ, ಸಿಕ್ಕಷ್ಟು ಮರಿಗಳನ್ನು ಮೆಲ್ಲಗೆ ಎತ್ತಿ ಬಟ್ಟಲಿಗೆ ಬಿಟ್ಟಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

"ಅದು ಹೆಣ್ಣು, ಅತ್ತೆ. ಮೊದ್ಲಿಂದ್ಲೂ ಹೆಣ್ಣೇ. ಗಂಡು ಈ ಸಣ್ಣದು."

ಉಮ್ ಮುಹನ್ನದ್ ಸಣ್ಣದನ್ನು ನೋಡಿದಳು, ದೊಡ್ಡದನ್ನು ನೋಡಿದಳು. ಆಮೇಲೆ ವಿದಾದಳ ಮುಖವನ್ನು ತುಸು ಹೆಚ್ಚು ಹೊತ್ತು ನೋಡಿದಳು.

"ಹಜ್ಜಿಯಾ, ಇದನ್ನ ಗಂಡು ಅಂತ ಹೇಗೆ ಗೊತ್ತು ಮಾಡ್ಕೊಂಡ್ರಿ?"

"ಮೈಕಟ್ಟು ನೋಡಿ ಬೀಗಿತ್ತಿ. ಊಟಕ್ಕೂ ಎಲ್ಲರಿಗಿಂತ ಮೊದ್ಲು ಇದೇ ಬರ್ತಿತ್ತು."

ಉಮ್ ಮುಹನ್ನದ್ ಜಾರಿದ್ದ ಕರಿ ಮೇಲುಹೊದಿಕೆಯನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. "ಮಗನ ವಿಷಯಾನೂ ಮೈಕಟ್ಟು ನೋಡೇ ಹೇಳಿದ್ದಾ? ಇಲ್ಲ, ಡಾಕ್ಟರು ಯಾರಾದ್ರೂ ನೋಡಿದಾರಾ?"

ಹಿಕ್ಮತ್ ತಾಯಿಯ ಮುಖ ನೋಡಿದ. ತಾಯಿ ನೆಲ ನೋಡಿದಳು. ವಿದಾದ್ ಜರಡಿಯನ್ನು ನೀರಿನಲ್ಲೇ ಹಿಡಿದು, ಉತ್ತರವನ್ನು ಕೇಳಿಯೇ ಹೋಗುವವಳಂತೆ ನಿಂತಿದ್ದಳು. ಗಿಡದ ಮರೆಯಲ್ಲಿ ಸುಲ್ತಾನ, ಕುಲದ ಮರ್ಯಾದೆಯ ಪರಿವೆಯೇ ಇಲ್ಲದೆ, ಇನ್ನೊಂದು ಮರಿ ಹಾಕಿತು.