ತಿದ್ದಿದ ಸಹಿ

ಶಾಯಿಯ ವಾಸನೆ ಬಂದರೆ ಇಂದಿಗೂ ನನ್ನ ಬಲಗೈ ಹಿಂದಕ್ಕೆ ಸರಿಯುತ್ತದೆ.

ಲಕ್ಷ್ಮೀಪುರಂ ಮನೆಯಲ್ಲಿ ತಾತ ಅಮೆರಿಕದ ಮೊದಮೊದಲ ಅಧ್ಯಕ್ಷರು ಕೈಯಾರೆ ಬರೆದು ಸಹಿ ಹಾಕಿದ ಮೂಲ ಕಾಗದಗಳನ್ನು ಸಂಗ್ರಹಿಸುತ್ತಿದ್ದರು. ಜೀವಮಾನದಲ್ಲಿ ಸಿಕ್ಕಿದ್ದು ಎರಡೇ. "ಅಕ್ಷರ ಮಾಸಿಹೋಯ್ತು, ನನ್ನ ಕಣ್ಣಿಗೆ ಕಾಣ್ತಾನೇ ಇಲ್ಲ ಕಣಮ್ಮ" ಎಂದು ಕೊರಗುತ್ತಿದ್ದರು. ದಿನವೂ ಊಟವಾದ ಮೇಲೆ ನನ್ನಿಂದ ಒಂದು ಪುಟ ಕಾಪಿ ಬರೆಸಿ, "ಬರೀ ಕಾಗೆಕಾಲು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಆ ಕಾಗದಗಳನ್ನು ತೆಗೆದು, ಮಾಸಿದ ಕಂದು ಗೆರೆಗಳ ಮೇಲೆಯೇ ನೀಲಿ ಶಾಯಿಯಲ್ಲಿ ತಿದ್ದಿದೆ. ಒಂದು ಚುಕ್ಕೆಯನ್ನೂ ಬಿಡಲಿಲ್ಲ, ಸಹಿಯನ್ನೂ ಬಿಡಲಿಲ್ಲ.

"ಈಗ ಕಾಣುತ್ತಾ ತಾತ?" ಎಂದೆ.

ಅವರು ಬಹಳ ಹೊತ್ತು ನೋಡಿದರು. "ಕಾಣುತ್ತೆ ಕಣಮ್ಮ. ಅಕ್ಷರ ದುಂಡಗಿದೆ" ಎಂದರು.

ಮರುದಿನ ಊಟವಾದ ಮೇಲೆ ನಾನು ಕಾಪಿ ಪುಸ್ತಕ ತಂದು ಕೂತೆ. ತಾತ ಗೋಡೆಯ ಕಡೆ ತಿರುಗಿ ಮಲಗಿದ್ದರು.