ಹಿತ್ತಲ ಒಲೆ

ಬಸುರಿ ಸೊಸೆಗೆ ದಿನಾ ಮೊಟ್ಟೆ ಕೊಡಿ, ಹೊಟ್ಟೆಯೊಳಗಿನ ಮಗು ಸರಿಯಾಗಿ ಬೆಳೆಯುತ್ತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಸರ್ವಮಂಗಳಮ್ಮನಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಅಡುಗೆಮನೆಗೆ ಸೋಕಿಸದೆ ಹಿತ್ತಲಲ್ಲೇ ಒಲೆ ಹೂಡಿ, ಮೂಗಿಗೆ ಸೆರಗು ಹಿಡಿದು, ಪಕ್ಕದ ಮನೆಯ ರೋಸಿಯನ್ನು ಕೂಗಿದರು.

"ತಣ್ಣೀರಿಗೆ ಹಾಕ್ಬೇಕೇನೇ, ಕುದಿಯೋ ನೀರಿಗಾ?"

"ತಣ್ಣೀರಿಗೇ ಹಾಕಿ ಅಮ್ಮ."

"ಇದೊಂದು ತೇಲ್ತಾ ಇದೆಯಲ್ಲೇ?"

"ಹಾಗಾದ್ರೆ ಹಳೇದು. ಬಿಸಾಕಿ, ಬೇರೇದು ಹಾಕಿ."

"ಮಿಕ್ಕಿದ್ದನ್ನ ಎಲ್ಲಿಡ್ಲಿ? ನಮ್ ಫ್ರಿಜ್ಜಲ್ಲಿ ದೇವರ ನೈವೇದ್ಯದ ಹಾಲಿದೆ."

"ನಮ್ಮನೇಲಿರ್ಲಿ ಬಿಡಿ."

"ತಿಂತಾಳೇನೇ ಅವ್ಳು?"

"ತವರಲ್ಲಿ ಕೋಳಿ ಸಾಕಿದ್ದೋರು. ಬಾಯಿ ಚಪ್ಪರಿಸ್ಕೊಂಡು ತಿಂತಾಳೆ."

ಸರ್ವಮಂಗಳಮ್ಮ ಉಸಿರು ಬಿಗಿಹಿಡಿದು ಸಿಪ್ಪೆ ಸುಲಿದರು. ಮೆಣಸಿನ ಪುಡಿ ಉದುರಿಸಿ ಸೊಸೆಯ ಮುಂದಿಟ್ಟರು. ಅವಳು ಒಂದು ಚೂರು ಬಾಯಿಗಿಟ್ಟವಳೇ ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಬಂದು ಕೂತು ಇನ್ನೊಂದು ಚೂರು ಬಾಯಿಗಿಟ್ಟಳು. ಮತ್ತೆ ಓಡಿದಳು.

"ಮಗೂಗೋಸ್ಕರ ಕಣ್ಮುಚ್ಕೊಂಡು ನುಂಗ್ಬಿಡಮ್ಮ," ಎಂದು ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ಗೋಗರೆದರು.

ಸೊಸೆ ಬಾಯಿ ಒರೆಸಿಕೊಂಡು ಅಳತೊಡಗಿದಳು.

"ಅನ್ನ, ಸಾರು ಎಲ್ಲಾ ಸೇರತ್ತೆ ಅತ್ತೆ, ಇದೊಂದು ಆಗ್ತಿಲ್ಲ. ನಾನು ಈ ಮನೆಗೆ ಬಂದಾಗ ಮೊಟ್ಟೆ ಅಂದ್ರೆ ಹೇಸಿಗೆ ಅಂತ ನೀವೇ ಅಲ್ವಾ ಕಲಿಸಿದ್ದು?"